ಜಾಹೀರಾತಿನ ಮಾತೂ ನಮ್ಮ ವಿವೇಕವೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮಕರ ಸಂಕ್ರಮಣದ ಕಾಲಕ್ಕೆ ಸೊಲ್ಲಾಪುರದಲ್ಲಿ ಶ್ರೀ ಸಿದ್ಧರಾಮೇಶ್ವರನ ಜಾತ್ರೆ ನೆರೆಯುತ್ತದೆ. ಅಲ್ಲಿ ಚಾದರ ಮಾರುವವನು ತನ್ನ ಸರಕನ್ನು ಕೂಗಿ ಹೊಗಳುತ್ತಾನೆ. ನಾವು ಚಾದರವನ್ನು ಬಿಡಿಸಿ ನೋಡುತ್ತೇವೆ, ನೂಲನ್ನು ಬೆರಳಿನಿಂದ ತಿಕ್ಕುತ್ತೇವೆ, ಬೆಲೆಯಲ್ಲಿ ಚೌಕಾಶಿ ಮಾಡುತ್ತೇವೆ. ಅವನ ಹೊಗಳಿಕೆಯೂ ನಮ್ಮ ಪರೀಕ್ಷೆಯೂ ಮುಖಾಮುಖಿಯಾಗಿ ನಡೆಯುತ್ತವೆ. ಜಾಹೀರಾತಿನಲ್ಲಾದರೋ ಹೊಗಳಿಕೆಯುಂಟು, ಮಾರುವವನು ಎದುರಿಗಿಲ್ಲ, ಸರಕು ಕೈಗೆ ಸಿಗುವುದಿಲ್ಲ. ಪರೀಕ್ಷೆಯೆಲ್ಲವೂ ಮಾತಿನ ಮೇಲೆಯೇ ನಡೆಯಬೇಕು. ಮಾತಿನ ಪರೀಕ್ಷೆಯೆಂದ ಮೇಲೆ ಅದು ಭಾಷೆಯ ಪಾಠವೇ ಸರಿ. ಆದುದರಿಂದಲೇ ಕನ್ನಡ ಪಾಠ ಹೇಳುವ ನಾವು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ನಮ್ಮ ಆಲಂಕಾರಿಕರು ಉಪದೇಶವನ್ನು ಮೂರು ಬಗೆಯಾಗಿ ಎಣಿಸಿದ್ದಾರೆ. ಒಡೆಯನಂತೆ ಆಜ್ಞಾಪಿಸುವುದು ಪ್ರಭುಸಂಮಿತ. ಗೆಳೆಯನಂತೆ ತಿಳಿಹೇಳುವುದು ಮಿತ್ರಸಂಮಿತ. ಕಾಂತೆಯಂತೆ ಮನವೊಲಿಸುವುದು ಕಾಂತಾಸಂಮಿತ. ಜಾಹೀರಾತು ಈ ಮೂರು ದನಿಗಳನ್ನೂ ಎರವಲು ತಂದಿದೆ. ಬಿಳಿಯ ಕೋಟು ತೊಟ್ಟವನೊಬ್ಬನು ವೈದ್ಯನಂತೆ ನಿಂತು ಹಲ್ಲಿನ ಪೇಸ್ಟನ್ನು ವಿಧಿಸಿದರೆ ಅದು ಪ್ರಭುವಿನ ದನಿ. ನೆರೆಮನೆಯ ಗೃಹಿಣಿಯಂತಿರುವವಳು ಬಟ್ಟೆಯ ಸಾಬೂನಿನ ಗುಣವನ್ನು ಹೇಳಿದರೆ ಅದು ಮಿತ್ರನ ದನಿ. ಚಿತ್ರತಾರೆಯರು ಕಾಂತೆಯ ದನಿಗೆ ನಿದರ್ಶನ. ಧಾರವಾಡದಲ್ಲಿ ಹುಟ್ಟಿದ ನಟಿ ಲೀಲಾ ಚಿಟ್ನೀಸರು 1941ರಲ್ಲಿಯೇ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದರು. 2025ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿನ ಪ್ರಚಾರಕ್ಕಾಗಿ ಕರ್ನಾಟಕ ಸರಕಾರದ ಸಂಸ್ಥೆಯು ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳಿಗೆ 6 ಕೋಟಿ 20 ಲಕ್ಷ ರೂಪಾಯಿಗಳಿಗೆ ಗೊತ್ತುಮಾಡಿತು. ಒಲಿಸುವ ದನಿಯ ಬೆಲೆ ಇಷ್ಟೆಂದು ತಿಳಿಯಿರಿ.

ಇನ್ನು ಅಲಂಕಾರಗಳು. ಎಲ್ಲಕ್ಕಿಂತ ಬಿಳುಪು, ಎಲ್ಲರಿಗಿಂತ ಮುಂದೆ ಎಂಬುದು ಅತಿಶಯೋಕ್ತಿ. ಕಾವ್ಯದಲ್ಲಿ ಪುನರುಕ್ತಿಯು ದೋಷ. ಜಾಹೀರಾತಿನಲ್ಲಿ ಅದೇ ಬಲ. ನೂರು ಸಲ ಕೇಳಿದ ಹೆಸರು ಪರಿಚಿತವಾಗುತ್ತದೆ. ಪರಿಚಿತವಾದುದನ್ನು ನಾವು ಒಳ್ಳೆಯದೆಂದು ಬಗೆಯುತ್ತೇವೆ. 'ಇಂದೇ ಕೊನೆಯ ದಿನ' ಎಂಬುದು ಯೋಚಿಸಲು ಸಮಯ ಕೊಡದ ಉಪಾಯ. 999 ರೂಪಾಯಿ ಎಂಬಲ್ಲಿ ಸಾವಿರವು ಒಂದು ರೂಪಾಯಿಯ ಮರೆಯಲ್ಲಿ ಅಡಗಿದೆ. ಎಲ್ಲಕ್ಕೂ ಮಿಗಿಲಾದುದು ಧ್ವನಿ, ಎಂದರೆ ಬಾಯಿಬಿಟ್ಟು ಹೇಳದೆ ತೋರಿಸುವ ಅರ್ಥ.

ಈ ಧ್ವನಿಯ ಬಲವನ್ನು ನಾವು ನಮ್ಮ ಶಾಲೆಯಲ್ಲಿಯೇ ಕಂಡೆವು. ಮಗ್ಗದ ಕೆಲಸ ಮಾಡುವ ತಂದೆಯೊಬ್ಬರು ಮಗನ ಶಾಲೆ ಬಿಟ್ಟ ದಾಖಲೆ ಕೇಳಲು ಬಂದರು. ಅವರ ಕೈಯಲ್ಲಿ ಒಂದು ಇಂಗ್ಲಿಷ್ ಶಾಲೆಯ ಹಸ್ತಪತ್ರವಿತ್ತು. ಅದನ್ನು ಓದಲು ಅವರಿಗೆ ಬಾರದು. ಟೈ ಕಟ್ಟಿದ ಹುಡುಗನ ಚಿತ್ರವೇ ಅವರನ್ನು ಒಪ್ಪಿಸಿತ್ತು. “ಗುರುಗಳೇ, ನನ್ನ ಮಗಾನೂ ಈ ಹುಡುಗನ ಹಂಗ ಆಗ್ಲಿ ಅಂತ ಆಸೇರಿ” ಎಂದರು. ನಾವು ಅದನ್ನು ಓದಿ ಹೇಳಿದೆವು. ಕೆಲವೇ ಸ್ಥಾನಗಳು ಉಳಿದಿವೆ ಎಂದಿತ್ತು. ಕಲಿಸುವವರು ಯಾರು, ಒಂದು ತರಗತಿಗೆ ಮಕ್ಕಳೆಷ್ಟು, ಮಗುವಿಗೆ ತಿಳಿಯದಿದ್ದರೆ ಯಾವ ಭಾಷೆಯಲ್ಲಿ ಕೇಳಬಹುದು ಎಂಬುದು ಎಲ್ಲಿಯೂ ಇರಲಿಲ್ಲ. ಅದನ್ನು ಕೇಳಿ ಅವರು, “ಹಂಗಾದ್ರ ನಿಮ್ಮ ಸಾಲಿ ಬಗ್ಗೆ ಇದನ್ನೆಲ್ಲ ಎಲ್ಲಿ ಬರದೀರಿ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ದಾಖಲೆ ಪಡೆದು ಹೋದರು.

ಆ ತಂದೆಯನ್ನು ನಾವು ದೂರಲಾರೆವು. ಮಗನ ಏಳಿಗೆಯನ್ನು ಬಯಸುವುದು ತಪ್ಪಲ್ಲ. ತಪ್ಪಿದ್ದುದು ಎರಡು ಕಡೆ: ಚಿತ್ರವನ್ನು ಪ್ರಶ್ನಿಸದೆ ನಂಬಿದುದು ಒಂದು, ಸತ್ಯವನ್ನು ಕೈಯಲ್ಲಿಟ್ಟುಕೊಂಡು ನಾವು ಮೌನವಾಗಿದ್ದುದು ಇನ್ನೊಂದು.

ಕಾಯಿದೆಯ ಆಸರೆಯೂ ಉಂಟು. ಮಧುಮೇಹ, ಅರ್ಬುದ ಮೊದಲಾದ ರೋಗಗಳನ್ನು ಗುಣಪಡಿಸುವೆವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯು ನಿಷೇಧಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ 10 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಜಾಹೀರಾತಿನ ಷರತ್ತುಗಳು ಅದರ ಹೇಳಿಕೆಯ ಭಾಷೆಯಲ್ಲಿಯೇ ಇರಬೇಕೆಂದು 2022ರ ಮಾರ್ಗಸೂಚಿಗಳು ವಿಧಿಸಿವೆ. ಆದರೆ ಹೇಳಿಕೆಯೇ ನಮಗೆ ತಿಳಿಯದ ಭಾಷೆಯಲ್ಲಿದ್ದರೆ ಕಾಯಿದೆಯೊಂದೇ ಸಾಲದು. ಓದಬಲ್ಲವರಿಂದ ಓದಿಸಿ, ತಾಯ್ನುಡಿಯಲ್ಲಿ ವಿಚಾರ ಮಾಡಿ, ಆಮೇಲೆ ಹಣ ಕೊಡೋಣ. ಹೇಳುವವರು ಯಾರು, ಅವರಿಗೇನು ಲಾಭ, ಹೇಳದೆ ಬಿಟ್ಟುದೇನು ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳಿಗೆ ಮನೆಯಲ್ಲಿಯೇ ಕಲಿಸೋಣ.

ಹಾಗೆಯೇ ನಮ್ಮ ಕನ್ನಡ ಶಾಲೆಗಳ ಬಾಗಿಲಿಗೂ ಒಂದು ಫಲಕವನ್ನು ಹಾಕೋಣ. ಅದರಲ್ಲಿ ಅತಿಶಯೋಕ್ತಿ ಬೇಡ. ಇರುವುದನ್ನು ಇದ್ದಂತೆ ಬರೆಯೋಣ. ಬರೆಯಲು ನಾಚಿಕೆಯಾಗುವಂತಹುದು ಇದ್ದರೆ ಮೊದಲು ಅದನ್ನು ತಿದ್ದೋಣ. ಸಿದ್ಧರಾಮನು ಈ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದನೆಂದು ನಾವೆಲ್ಲ ಭಕ್ತಿಯಿಂದ ನೆನೆಯುತ್ತೇವೆ. ಕೆರೆಯಲ್ಲಿ ನೀರಿದ್ದರೆ ಮಾತ್ರ ದಾರಿ ತೋರುವ ಫಲಕಕ್ಕೆ ಅರ್ಥವುಂಟು. ನೀರಿದ್ದೂ ಫಲಕವಿಲ್ಲದಿದ್ದರೆ ಬಾಯಾರಿದವರು ಬೇರೆ ಕಡೆಗೆ ಹೋಗುತ್ತಾರೆ.