ಎತ್ತು ಎಳೆದ ನೀರಿನ ಲೆಕ್ಕ

ಇವತ್ತು ಕಪಿಲೆ ಬಗ್ಗೆ ಮಾತಾಡೋಣ. ಹಸು ಅಲ್ಲ, ನದಿನೂ ಅಲ್ಲ. ಪಂಪ್‌ಸೆಟ್ ಬರೋದಕ್ಕೆ ಮುಂಚೆ ಎತ್ತು ಕಟ್ಟಿ ಬಾವಿಯಿಂದ ತೋಟಕ್ಕೆ ನೀರೆತ್ತುತ್ತಿದ್ದ ಸಾಧನ.

ಬಾವಿಯ ಬಾಯಿ ಮೇಲೆ ಒಂದು ರಾಟೆ, ಅದರ ಮೇಲೆ ದಪ್ಪ ಹಗ್ಗ. ಒಂದು ತುದಿಗೆ ದೊಡ್ಡ ತೊಗಲಿನ ಚೀಲ, ಇನ್ನೊಂದು ತುದಿ ಜೋಡೆತ್ತಿನ ನೊಗಕ್ಕೆ. ಬಾವಿಯಿಂದ ಆಚೆಗೆ ನೆಲ ಇಳಿಜಾರಾಗಿರುತ್ತೆ. ಎತ್ತು ಇಳೀತಾ ಎಳೆದರೆ ಅದರ ಮೈಭಾರವೂ ಕೆಲಸಕ್ಕೆ ಬರುತ್ತಲ್ಲ, ಅದಕ್ಕೆ. ಎತ್ತು ಹೊಡೆಯೋನು ಎಷ್ಟೋ ಕಡೆ ಹಗ್ಗದ ಮೇಲೇ ಕೂತುಬಿಡ್ತಿದ್ದ, ತನ್ನ ತೂಕವೂ ಸೇರಲಿ ಅಂತ.

ನನಗೆ ತುಂಬಾ ಇಷ್ಟವಾದದ್ದು ಚೀಲದ ಸೊಂಡಿಲು. ಚೀಲದ ತಳದಲ್ಲಿ ಆನೆ ಸೊಂಡಿಲಿನ ಥರ ಒಂದು ತೊಗಲಿನ ಕೊಳವೆ. ಅದರ ತುದಿಗೆ ಇನ್ನೊಂದು ತೆಳು ಹಗ್ಗ, ಅದು ಹೋಗೋದು ಕೆಳಗಿರೋ ಉರುಳೆಯ ಮೇಲೆ. ಬಾವಿಯೊಳಗೆ ಎರಡೂ ಹಗ್ಗ ಒಟ್ಟಿಗೆ ಎಳೆಯೋದರಿಂದ ಸೊಂಡಿಲು ಮಡಚಿ ಮೇಲ್ಮುಖವಾಗೇ ಇರುತ್ತೆ, ನೀರು ಚೆಲ್ಲಲ್ಲ. ಬಾಯಿಗೆ ಬಂದಮೇಲೆ ಚೀಲ ರಾಟೆವರೆಗೆ ಏರುತ್ತೆ, ಸೊಂಡಿಲು ಮಾತ್ರ ತೊಟ್ಟಿ ಕಡೆಗೆ ಚಾಚಿಕೊಳ್ಳುತ್ತೆ. ನೀರು ತಾನಾಗೇ ಸುರಿಯುತ್ತೆ.

16ನೇ ಶತಮಾನದಲ್ಲಿ ಬಾಬರ್ ಆಗ್ರಾ ಕಡೆ ನೋಡಿದ ಪದ್ಧತಿಗೆ ಇಬ್ಬರು ಬೇಕಿತ್ತು: ಒಬ್ಬ ಎತ್ತು ಹೊಡೆಯೋಕೆ, ಇನ್ನೊಬ್ಬ ನೀರು ಸುರಿಯೋಕೆ. ಹಗ್ಗ ಸಗಣಿ, ಗಂಜಲದಲ್ಲಿ ಎಳೆದಾಡಿ ಮತ್ತೆ ಬಾವಿಗೇ ಬೀಳುತ್ತೆ ಅಂತ ಆತ್ಮಕಥೆಯಲ್ಲಿ ಬೇಜಾರು ಬೇರೆ ಮಾಡ್ಕೊಂಡಿದ್ದಾನೆ. ಸೊಂಡಿಲು ಆ ಎರಡನೇ ಆಳಿನ ಕೂಲಿ ಉಳಿಸ್ತು.

ಬಿಕಾಂ ಓದಿದವನು, ಲೆಕ್ಕ ಹಾಕದೆ ಇರೋಕಾಗಲ್ಲ. ಬಾವಿ 30 ಅಡಿ, ಚೀಲಕ್ಕೆ 100 ಲೀಟರ್, ಒಂದು ಸಲ ಎತ್ತೋಕೆ 2 ನಿಮಿಷ ಅಂತ ಇಟ್ಕೊಳ್ಳಿ. ಗಂಟೆಗೆ 3,000 ಲೀಟರ್. ಒಂದು ಎಕರೆ ಮೇಲೆ ಒಂದೇ ಒಂದು ಇಂಚು ನೀರು ನಿಲ್ಲಿಸೋಕೆ ಸುಮಾರು 1,03,000 ಲೀಟರ್ ಬೇಕು. ಅಂದ್ರೆ 34 ಗಂಟೆ. ದಿನಕ್ಕೆ 7 ಗಂಟೆ ಹೊಡೆದರೂ ಐದು ದಿನ! ಎತ್ತಿನ ಒಂದು ಗಂಟೆ ದುಡಿಮೆಯನ್ನ ಇವತ್ತಿನ ಮೋಟಾರು ಹೆಚ್ಚುಕಮ್ಮಿ ಕಾಲು ಯೂನಿಟ್ ಕರೆಂಟಲ್ಲಿ ಮುಗಿಸುತ್ತೆ.

ಈ ಲೆಕ್ಕದಲ್ಲಿ ಬರದೇ ಇರೋರು ಚೀಲ ಹೊಲಿದವರು. ತೊಗಲು ಹದ ಮಾಡಿ, ನೀರು ಸೋರದ ಹಾಗೆ ಹೊಲಿಗೆ ಹಾಕೋದು ಊರಾಚೆ ಇಟ್ಟಿದ್ದ ಜಾತಿಗಳ ಕೆಲಸ. ಅವರ ಕೈಯ ಚೀಲ ದಿನವಿಡೀ ಬಾವಿಗೆ ಇಳೀತಿತ್ತು. ಅವರೇ ಊರ ಬಾವಿಯಿಂದ ಒಂದು ಕೊಡ ಸೇದೋಕೆ ಎಷ್ಟೋ ಊರಲ್ಲಿ ಬಿಡ್ತಿರಲಿಲ್ಲ. ಸೊಂಡಿಲನ್ನ ಹೊಗಳುವಾಗ ಇದನ್ನ ಬಿಟ್ಟು ಹೊಗಳೋಕೆ ನನಗೆ ಮನಸ್ಸು ಬರಲಿಲ್ಲ.

ನಿಮ್ಮೂರಲ್ಲಿ ಹಳೇ ತೋಟದ ಬಾವಿ ಇದ್ರೆ ಹೋಗಿ ನೋಡಿ. ಬಾಯಿ ಮೇಲೆ ಎರಡು ಕಲ್ಲುಕಂಬ, ಪಕ್ಕದಲ್ಲಿ ಇಳಿಜಾರು ಉಳಿದಿದ್ರೆ ಒಂದು ಫೋಟೋ ಕಳಿಸಿ. ಕಪಿಲೆ ಹೊಡೆದವರು ಮನೇಲಿದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಹಾಕ್ತೀನಿ.