ಬೆಳಗ್ಗೆ 9ರಿಂದ 12: ಫ್ಲಾನರಿ ಓಕಾನರ್ ಬರೆಯಲು ಕೂರುತ್ತಿದ್ದ ರೀತಿ

ಇವತ್ತು ಒಂದು ಮೇಜಿನಿಂದ ಶುರು ಮಾಡೋಣ.

ಅಮೆರಿಕದ ದಕ್ಷಿಣದಲ್ಲಿ ಜಾರ್ಜಿಯಾ ಅಂತ ಒಂದು ರಾಜ್ಯ. ಅಲ್ಲಿನ ಮಿಲೆಡ್ಜ್‌ವಿಲ್ ಅನ್ನೋ ಸಣ್ಣ ಊರಿನಿಂದ ನಾಲ್ಕು ಮೈಲಿ ಆಚೆ ಒಂದು ಡೈರಿ ಫಾರ್ಮ್. ಹೆಸರು ಆಂಡಲೂಸಿಯಾ. 544 ಎಕರೆ ಜಾಗ, ಹಸುಗಳು, ಕೊಳ, ಕಾಡು, ಅಂಗಳದ ತುಂಬ ನವಿಲುಗಳು. ಕಣ್ಣೆತ್ತಿದರೆ ಇಷ್ಟೆಲ್ಲ ಕಾಣಿಸುವ ಮನೆಯಲ್ಲಿ ಕೂತು ಬರೆಯುತ್ತಿದ್ದ ಲೇಖಕಿ ತನ್ನ ಮೇಜನ್ನು ಹಾಕಿಸಿಕೊಂಡಿದ್ದು ಒಂದು ಬೀರುವಿನ ಹಿಂಭಾಗಕ್ಕೆ ಮುಖ ಮಾಡಿ. ಎದುರಿಗೆ ಬರೀ ಮರದ ಹಲಗೆ, ಬೇರೆ ಏನೂ ಇಲ್ಲ. ನಾವೀಗ ಫೋನನ್ನು ಪಕ್ಕದ ರೂಮಿನಲ್ಲಿಟ್ಟು ಓದಲು ಕೂರ್ತೀವಲ್ಲ, ಆ ಥರ ಅಂದುಕೊಳ್ಳಿ. ಇವರ ಗಮನ ಕೆಡಿಸೋಕೆ ಕಿಟಕಿಯೇ ಸಾಕಾಗಿತ್ತು.

ಇವರು ಫ್ಲಾನರಿ ಓಕಾನರ್. ಹುಟ್ಟಿದ್ದು 1925ರ ಮಾರ್ಚ್ 25ರಂದು, ಸವಾನಾ ನಗರದಲ್ಲಿ. ತೀರಿಕೊಂಡಿದ್ದು 1964ರಲ್ಲಿ, ಬರೀ 39ನೇ ವಯಸ್ಸಿಗೆ. ಎರಡು ಕಾದಂಬರಿ, ಮೂವತ್ತಕ್ಕೂ ಸ್ವಲ್ಪ ಹೆಚ್ಚು ಸಣ್ಣಕಥೆ, ಒಂದಷ್ಟು ಪ್ರಬಂಧ, ರಾಶಿ ರಾಶಿ ಪತ್ರ. ಇಷ್ಟೇ ಬರೆದಿದ್ದು. ‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ಮಾಯಾ ಹಾಕ್ ಗೊತ್ತಿರುತ್ತಾರೆ. 2023ರ ‘ವೈಲ್ಡ್‌ಕ್ಯಾಟ್’ ಸಿನಿಮಾದಲ್ಲಿ ಇವರ ಪಾತ್ರ ಮಾಡಿದ್ದು ಅವರೇ. ನಿರ್ದೇಶನ ಅವರ ಅಪ್ಪ ಈಥನ್ ಹಾಕ್ ಅವರದ್ದು.

ಓಕಾನರ್ ಕ್ಯಾಥೊಲಿಕ್. ಭಕ್ತಿ ಅಂದ್ರೆ ಸುಮ್ಮನೆ ಹೆಸರಿಗಲ್ಲ, ಪಕ್ಕಾ. ಹಾಗಾಗಿ ಇವರನ್ನು ಎಲ್ಲರೂ ಕ್ರೈಸ್ತ ಕಾದಂಬರಿಕಾರ್ತಿ ಅಂತಲೇ ಕರೆಯುತ್ತಾರೆ. ಆ ಮಾತು ಕೇಳಿದ ತಕ್ಷಣ ನಮ್ಮ ತಲೆಗೆ ಏನು ಬರುತ್ತೆ? ಪಾದ್ರಿ, ಇಗರ್ಜಿ, ಉಪದೇಶ, ಕೊನೆಯಲ್ಲಿ ಎಲ್ಲರಿಗೂ ಒಳ್ಳೆಯದಾಗುವ ಕಥೆ. ಕನ್ನಡದವರಿಗೆ ಇದು ಹಾಗಲ್ಲ ಅಂತ ಹೇಳಬೇಕಾಗಿಲ್ಲ. ನಮ್ಮ ನಾ. ಡಿಸೋಜಾ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡ್ತಾ ಮಾಡ್ತಾ ಶರಾವತಿ ನೀರಲ್ಲಿ ಮುಳುಗಿದ ಊರುಗಳ ಕಥೆ ಬರೆದರು, ಉಪದೇಶ ಬರೆಯಲಿಲ್ಲ. ಓಕಾನರ್ ಅಂತೂ ಇನ್ನೊಂದು ತುದಿ. ಅವರ ಕಥೆಗಳಲ್ಲಿ ಕೊಲೆಗಾರರಿದ್ದಾರೆ, ಕಳ್ಳ ಬೈಬಲ್ ಮಾರಾಟಗಾರರಿದ್ದಾರೆ. ಮೊದಲ ಕಾದಂಬರಿ ‘ವೈಸ್ ಬ್ಲಡ್’ನ ನಾಯಕ ‘ಕ್ರಿಸ್ತನಿಲ್ಲದ ಚರ್ಚು’ ಸ್ಥಾಪಿಸಲು ಹೊರಟವನು! ಕಾರಿನ ಮೇಲೆ ಹತ್ತಿ ನಿಂತು ಅದನ್ನೇ ಬೋಧಿಸುತ್ತಾನೆ. ಇಂಥದ್ದನ್ನೆಲ್ಲ ಬರೆಯುತ್ತಿದ್ದ ಹೆಂಗಸಿನ ದಿನಚರಿ ಮಾತ್ರ ಮಠದ ದಿನಚರಿ ಇದ್ದ ಹಾಗಿತ್ತು. ಆ ಎರಡು ಒಟ್ಟಿಗೆ ಹೇಗೆ ಕೂತವು ಅನ್ನೋದೇ ನನಗೆ ಕುತೂಹಲ.

ಸ್ವಲ್ಪ ಹಿಂದೆ ಹೋಗೋಣ. 1945ರಲ್ಲಿ ಓಕಾನರ್ ಅಯೋವಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ಬರವಣಿಗೆ ಕಾರ್ಯಾಗಾರದ ಮುಖ್ಯಸ್ಥ ಪಾಲ್ ಎಂಗಲ್ ಅವರ ಮುಂದೆ ನಿಂತು ಈ ಹುಡುಗಿ ಏನೋ ಹೇಳಿದಳು, ಜಾರ್ಜಿಯಾದ ಉಚ್ಚಾರ ಅವರಿಗೆ ಒಂದಿಷ್ಟೂ ಅರ್ಥವಾಗಲಿಲ್ಲ. ಕೊನೆಗೆ ಕಾಗದ ಕೊಟ್ಟು ಬರೆದು ತೋರಿಸು ಅಂದರು. ಇಂಗ್ಲಿಷ್ ಉಚ್ಚಾರದ ಬಗ್ಗೆ ಅಳುಕು ಇಟ್ಟುಕೊಂಡು ಬೆಂಗಳೂರಿಗೆ ಬಂದ ನಮ್ಮ ಹುಡುಗ ಹುಡುಗಿಯರಿಗೆ ಈ ಪ್ರಸಂಗ ಬಹಳ ಹಿಡಿಸುತ್ತೆ ಅಂತ ನನ್ನ ನಂಬಿಕೆ.

ಅಯೋವಾದಲ್ಲಿ ಇದ್ದಾಗ ಒಂದು ನೋಟ್‌ಬುಕ್ಕಿನಲ್ಲಿ ದೇವರಿಗೆ ನೇರವಾಗಿ ಬರೆಯುತ್ತಿದ್ದರು, 1946ರಿಂದ 1947ರವರೆಗೆ. ಅದು ‘ಎ ಪ್ರೇಯರ್ ಜರ್ನಲ್’ ಅಂತ ಪುಸ್ತಕವಾಗಿ ಹೊರಬಂದಿದ್ದು 2013ರಲ್ಲಿ, ಅವರು ಹೋಗಿ ಸುಮಾರು ಅರ್ಧ ಶತಮಾನದ ಮೇಲೆ. ಅದರಲ್ಲಿ ಇಪ್ಪತ್ತು ಇಪ್ಪತ್ತೆರಡರ ಹುಡುಗಿ ಕೇಳೋದೇನು? ನಾನು ಒಳ್ಳೆಯ ಬರಹಗಾರ್ತಿ ಆಗಬೇಕು. ಜೊತೆಗೇ, ಹೀಗೆ ಕೇಳೋದು ಬರೀ ಅಹಂಕಾರವಾ ಅನ್ನೋ ಅನುಮಾನ. ಹೆಸರು ಬೇಕು, ಹೆಸರು ಬೇಕು ಅನ್ನೋ ಆಸೆಯ ಬಗ್ಗೆ ನಾಚಿಕೆ ಕೂಡ. ಲೈಕು ಎಣಿಸುವ ಕಾಲದಲ್ಲಿ ಓದಿದರೆ ಅದು ಹಳೇ ಪುಸ್ತಕ ಅಂತ ಅನಿಸೋದೇ ಇಲ್ಲ.

ಆಮೇಲೆ ನ್ಯೂಯಾರ್ಕ್, ಕನೆಕ್ಟಿಕಟ್. ಗೆಳೆಯರಾದ ಸ್ಯಾಲಿ ಮತ್ತು ರಾಬರ್ಟ್ ಫಿಟ್ಜ್‌ಜೆರಾಲ್ಡ್ ದಂಪತಿಯ ಮನೆಯಲ್ಲಿ ಇದ್ದುಕೊಂಡು ‘ವೈಸ್ ಬ್ಲಡ್’ ಬರೆಯುತ್ತಿದ್ದರು. ಕಾದಂಬರಿ ಒಂದು ಕಡೆ ಬಂದು ಗಕ್ಕಂತ ನಿಂತಿತ್ತು. ಅದೇ ಹೊತ್ತಿಗೆ ಆ ಮನೆಯಲ್ಲಿದ್ದ ಗ್ರೀಕ್ ನಾಟಕ ಈಡಿಪಸ್ ಓದಿದರು. ರಾಬರ್ಟ್ ಅದರ ಅನುವಾದಕರಲ್ಲಿ ಒಬ್ಬರು. ತನ್ನ ಕಣ್ಣನ್ನು ತಾನೇ ಕಳೆದುಕೊಳ್ಳುವ ರಾಜನ ಕಥೆ. ದಾರಿ ಸಿಕ್ಕಿತು: ಅವರ ನಾಯಕ ಹೇಜಲ್ ಮೋಟ್ಸ್ ಕೂಡ ಹಾಗೇ ಮಾಡುತ್ತಾನೆ. ಅದಕ್ಕೆ ತಕ್ಕ ಹಾಗೆ ಹಿಂದಿನದನ್ನೆಲ್ಲ ಮತ್ತೆ ಬರೆದರು.

1950ರ ಡಿಸೆಂಬರ್. ಕ್ರಿಸ್ಮಸ್‌ಗೆ ಅಂತ ಊರಿಗೆ ರೈಲು ಹತ್ತಿದರು. ಇಳಿಯುವಾಗ ಜೀವ ಹಿಡಿದಷ್ಟೇ. ಆಗ ವಯಸ್ಸು 25. ಲ್ಯೂಪಸ್ ಅನ್ನೋ ಕಾಯಿಲೆ, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿ ಬೀಳೋದು. ಅಪ್ಪ ಎಡ್ವರ್ಡ್ 1941ರಲ್ಲಿ ಹೋಗಿದ್ದು ಅದರಿಂದಲೇ. ಅಮ್ಮ ರೆಜಿನಾ ಮಗಳಿಗೆ ನಿಜ ಹೇಳಲಿಲ್ಲ, ಸಂಧಿವಾತ ಅಂತಲೇ ನಂಬಿಸಿದ್ದರು. 1952ರ ಬೇಸಿಗೆಯಲ್ಲಿ ಸ್ಯಾಲಿ ಬಾಯಿಬಿಟ್ಟು ಹೇಳಿದ ಮೇಲೇ ಗೊತ್ತಾಗಿದ್ದು. ಅಮ್ಮ ಮಾಡಿದ್ದು ಸರಿಯೋ ತಪ್ಪೋ? ನಮ್ಮ ಮನೆಗಳಲ್ಲೂ ದಿನಾ ನಡೆಯೋದೇ ಇದು. ನನಗಂತೂ ಗೆಳತಿ ಮಾಡಿದ್ದೇ ಸರಿ ಅನ್ನಿಸುತ್ತೆ. ಎಷ್ಟು ಸಮಯ ಇದೆ ಅಂತ ಗೊತ್ತಿಲ್ಲದೆ ಸಮಯವನ್ನು ಹಂಚೋದು ಹೇಗೆ?

ಅಲ್ಲಿಂದ ಮುಂದಿನ 13 ವರ್ಷ ಆಂಡಲೂಸಿಯಾದಲ್ಲಿ, ಅಮ್ಮನ ಜೊತೆ. ಮೆಟ್ಟಿಲು ಹತ್ತಲು ಆಗದ್ದರಿಂದ ಕೆಳಗಿನ ಮುಂದಿನ ಕೋಣೆಯೇ ಮಲಗುವ ಕೋಣೆ, ಅದೇ ಬರೆಯುವ ಕೋಣೆ. 1955ರಿಂದ ಊರುಗೋಲು. ಡೈರಿ, ಆಳುಗಳು, ಲೆಕ್ಕಪತ್ರ ಎಲ್ಲ ಅಮ್ಮನದ್ದು. ಬೆಳಗ್ಗೆ ಬೇಗ ಏಳೋದು, ಪ್ರಾರ್ಥನೆ, ಕಾಫಿ. ಮೈ ಸರಿಯಿದ್ದ ದಿನ ಅಮ್ಮನ ಜೊತೆ ಕಾರಿನಲ್ಲಿ ಊರಿನ ಸೇಕ್ರೆಡ್ ಹಾರ್ಟ್ ಇಗರ್ಜಿಗೆ, 7 ಗಂಟೆಯ ಬಲಿಪೂಜೆಗೆ. ವಾಪಸ್ ಬಂದು 9ಕ್ಕೆ ಟೈಪ್‌ರೈಟರ್ ಮುಂದೆ. 12ಕ್ಕೆ ಎದ್ದುಬಿಡೋದು. ಮಧ್ಯಾಹ್ನ ಊಟಕ್ಕೆ ಎಷ್ಟೋ ಸಲ ಪೇಟೆಯ ಸ್ಯಾನ್‌ಫರ್ಡ್ ಹೌಸ್ ಅನ್ನೋ ಹೋಟೆಲು. ಆಮೇಲೆ ಪತ್ರ, ಬಂದು ಹೋಗುವವರು, ಚಿತ್ರ ಬರೆಯೋದು, ಹಕ್ಕಿಗಳಿಗೆ ಕಾಳು. ರಾತ್ರಿ ಮಲಗುವ ಮುಂಚೆ ಇಪ್ಪತ್ತು ನಿಮಿಷ ಸಂತ ಥಾಮಸ್ ಅಕ್ವಿನಾಸ್ ಓದು.

ಆ ಮೂರು ಗಂಟೆಯ ಬಗ್ಗೆ ಅವರು ಹೇಳಿದ್ದ ಸಂಗತಿ ನನಗೆ ಎಲ್ಲಕ್ಕಿಂತ ಇಷ್ಟ. ಎಷ್ಟೋ ದಿನ ಏನೂ ಹೊಳೆಯದೆ ಸುಮ್ಮನೆ ಕೂತಿರುತ್ತೇನೆ, ಆದರೆ 9ರಿಂದ 12ರ ಒಳಗೆ ಏನಾದರೂ ಬಂತು ಅಂದರೆ ನಾನು ಅಲ್ಲಿ ಇರುತ್ತೇನಲ್ಲ, ಅನ್ನೋ ಅರ್ಥದ ಮಾತು. ಇದನ್ನು ಯೂಟ್ಯೂಬ್‌ನಲ್ಲಿ ‘ಪ್ರೊಡಕ್ಟಿವಿಟಿ ಟಿಪ್ಸ್’ ಅಂತ ಮಾರಬಹುದು. ಆದರೆ ಇದು ಆ ಬಾಬತ್ತಲ್ಲ. ಪ್ರಾರ್ಥನೆ ಮಾಡುವವರು ಕೂರೋದು ಹೀಗೇ. ಬಾ ಅಂದರೆ ಕೃಪೆ ಬರಲ್ಲ, ಬಂದಾಗ ನಾವು ಮನೆಯಲ್ಲಿರಬೇಕು ಅಷ್ಟೇ. ಇವರ ನಂಬಿಕೆ ಬರವಣಿಗೆಯೊಳಗೆ ಇಳಿದಿದ್ದು ಕಥೆಯ ಸಂದೇಶವಾಗಿ ಅಲ್ಲ, ಈ ಕಾಯುವಿಕೆಯಾಗಿ ಅಂತ ನಾನು ಓದಿಕೊಂಡಿದ್ದೇನೆ.

ಉದಾಹರಣೆ ಕೊಡ್ತೀನಿ. ‘ಗುಡ್ ಕಂಟ್ರಿ ಪೀಪಲ್’ ಅನ್ನೋ ಕಥೆ 1955ರದ್ದು. ಅದರಲ್ಲಿ ಹಲ್ಗಾ ಅಂತ ಒಬ್ಬಳು. ವಯಸ್ಸು 32, ತತ್ವಶಾಸ್ತ್ರದಲ್ಲಿ ಡಾಕ್ಟರೇಟ್, ದೇವರನ್ನು ನಂಬಲ್ಲ, ಅಮ್ಮನ ಫಾರ್ಮಿನಲ್ಲಿ ಇರುತ್ತಾಳೆ, ಒಂದು ಕಾಲು ಮರದ್ದು. ಬೈಬಲ್ ಮಾರುವ ಒಬ್ಬ ಹಳ್ಳಿ ಹುಡುಗ ಬರುತ್ತಾನೆ. ಈ ಪೆದ್ದನಿಗೆ ಬುದ್ಧಿ ಕಲಿಸ್ತೀನಿ ಅಂತ ಇವಳು ಅವನ ಜೊತೆ ಹೋಗಿ ಹುಲ್ಲಿನ ಅಟ್ಟ ಹತ್ತುತ್ತಾಳೆ. ಅವನ ಬೈಬಲ್ ತೆರೆದರೆ ಒಳಗೆ ಟೊಳ್ಳು, ವಿಸ್ಕಿ ಬಾಟಲಿ, ಇಸ್ಪೀಟು. ಕೊನೆಗೆ ಅವನು ಇವಳ ಮರದ ಕಾಲನ್ನೇ ಕದ್ದು ಇಳಿದು ಹೋಗುತ್ತಾನೆ.

ಓಕಾನರ್ ಇದನ್ನು ಸುಮಾರು ನಾಲ್ಕೇ ದಿನದಲ್ಲಿ ಬರೆದರಂತೆ. ಅವನು ಕಾಲು ಕದಿಯುತ್ತಾನೆ ಅನ್ನೋದು ಅವರಿಗೂ ಗೊತ್ತಾಗಿದ್ದು ಆ ಜಾಗಕ್ಕೆ ಹತ್ತು ಹನ್ನೆರಡು ಸಾಲು ಇರುವಾಗ! ಗೊತ್ತಾದ ಮೇಲೆ, ಇನ್ನೇನೂ ಆಗಲು ಸಾಧ್ಯವೇ ಇರಲಿಲ್ಲ ಅನ್ನಿಸಿತಂತೆ. ನಂಬಿಕೆಯಿಲ್ಲದವಳಿಗೆ ಪಾಠ ಕಲಿಸೋಣ ಅಂತ ಮೊದಲೇ ಪ್ಲಾನ್ ಹಾಕಿದ್ದರೆ, ಕಲಿಸಲು ಬರುವವನು ಒಬ್ಬ ಒಳ್ಳೆಯ ಭಕ್ತನಾಗಿರುತ್ತಿದ್ದ, ಕಥೆ ಅಲ್ಲೇ ಸತ್ತುಹೋಗ್ತಿತ್ತು. ಇಲ್ಲಿ ಬೈಬಲ್ ಹಿಡಿದವನೇ ಕಳ್ಳ. ಅವಳ ಬುದ್ಧಿಯ ಜಂಬ ಇಳಿಯೋದು ಕಳ್ಳನ ಕೈಯಲ್ಲಿ. ಇದು ಅವರ ಫಾರ್ಮಿನದೇ, ಅಮ್ಮ ಮಗಳದೇ ಕಥೆ ಅನ್ನೋದನ್ನು ಬಿಡಿಸಿ ಹೇಳಬೇಕಾಗಿಲ್ಲ. ತನ್ನನ್ನೇ ಹೀಗೆ ಗೇಲಿ ಮಾಡಿಕೊಳ್ಳೋದು ಸುಲಭವಲ್ಲ.

ಆದರೆ ನಾಲ್ಕು ದಿನ ಅನ್ನೋದು ಅಪರೂಪ. ‘ವೈಸ್ ಬ್ಲಡ್’ಗೆ ಐದು ವರ್ಷ ಹಿಡಿಯಿತು, ಎರಡನೇ ಕಾದಂಬರಿ ‘ದ ವಯಲೆಂಟ್ ಬೇರ್ ಇಟ್ ಅವೇ’ಗೆ ಏಳು. ಬರೆದದ್ದನ್ನು ಹಿರಿಯ ಲೇಖಕಿ ಕ್ಯಾರೊಲಿನ್ ಗಾರ್ಡನ್‌ಗೆ ಕಳಿಸುತ್ತಿದ್ದರು, ಅವರು ಪುಟಗಟ್ಟಲೆ ತಿದ್ದುಪಡಿ ಬರೆದು ಕಳಿಸುತ್ತಿದ್ದರು, ಇವರು ಮತ್ತೆ ಬರೆಯುತ್ತಿದ್ದರು.

ಆ ಎರಡನೇ ಕಾದಂಬರಿ ಇನ್ನೂ ಮುಗಿಯದೆ ಕಾಡ್ತಾ ಇದ್ದಾಗಲೇ, 1958ರಲ್ಲಿ ಅಮ್ಮನ ಜೊತೆ ಯುರೋಪ್ ಯಾತ್ರೆ. ಫ್ರಾನ್ಸಿನ ಲೂರ್ದ್‌ಗೂ ಹೋದರು. ಲೂರ್ದು ಮಾತೆಯ ಹೆಸರಿನ ಗವಿಗಳು ನಮ್ಮ ಕರ್ನಾಟಕದ ಇಗರ್ಜಿಗಳ ಅಂಗಳದಲ್ಲೂ ಇವೆ, ನೋಡಿರ್ತೀರಿ. ಅಲ್ಲಿನ ನೀರಲ್ಲಿ ಮಿಂದರೆ ಕಾಯಿಲೆ ವಾಸಿಯಾಗುತ್ತೆ ಅನ್ನೋ ನಂಬಿಕೆ. ಊರುಗೋಲಿನ ಮೇಲೆ ನಡೆಯುತ್ತಿದ್ದ ಓಕಾನರ್‌ಗೆ ಆ ಸ್ನಾನದಲ್ಲಿ ಮನಸ್ಸೇ ಇರಲಿಲ್ಲ, ಬಲವಂತಕ್ಕೆ ಇಳಿದರು. ಇಳಿದವರು ಬೇಡಿಕೊಂಡಿದ್ದು ಏನನ್ನು? ಮೂಳೆಗಲ್ಲ, ಕಾದಂಬರಿಗೆ! ತಾನು ಬರೀತಿರೋದು ಸರಿಹೋಗಲಿ ಅಂತ. ಅದನ್ನು ಆಮೇಲೆ ಪತ್ರದಲ್ಲಿ ತಾವೇ ಹೇಳಿಕೊಂಡಿದ್ದಾರೆ. ಕಾದಂಬರಿ 1960ರಲ್ಲಿ ಬಂತು.

ನವಿಲಿನ ಬಗ್ಗೆ ಹೇಳದೆ ಮುಂದೆ ಹೋದರೆ ಅವರ ಅಭಿಮಾನಿಗಳು ನನ್ನನ್ನು ಬಿಡಲ್ಲ. ಚಿಕ್ಕವಳಿದ್ದಾಗ ಹಿಂದಕ್ಕೆ ನಡೆಯುವ ಒಂದು ಕೋಳಿ ಸಾಕಿದ್ದಳು, ಅದನ್ನು ಪಾಥೇ ನ್ಯೂಸ್‌ನವರು ಬಂದು ಚಿತ್ರೀಕರಿಸಿದ್ದರು. ಆ ಹಕ್ಕಿ ಹುಚ್ಚು ನವಿಲಿಗೆ ಬಂದು ನಿಂತಿತು. ಅವು ಅಮ್ಮನ ಹೂಗಿಡ ತಿಂದು ಹಾಕುತ್ತಿದ್ದವು, ಜಗಳಕ್ಕೆ ಅದೊಂದು ಖಾಯಂ ಕಾರಣ. ಗೆಳೆಯರಿಗೆ ಪತ್ರದ ಜೊತೆ ಗರಿ ಕಳಿಸುತ್ತಿದ್ದರು. ನಮಗೆ ನವಿಲು ಅಂದರೆ ಸುಬ್ರಹ್ಮಣ್ಯ, ಹಳೆಯ ಕ್ರೈಸ್ತ ಕಲೆಯಲ್ಲಿ ಅದು ಅಮರತ್ವದ ಗುರುತು.

ಈಗ ಕಷ್ಟದ ಭಾಗ. ಓಕಾನರ್ ಬದುಕಿದ್ದು ಕರಿಯರನ್ನೂ ಬಿಳಿಯರನ್ನೂ ಕಾನೂನೇ ಬೇರೆ ಬೇರೆ ಕೂರಿಸುತ್ತಿದ್ದ ಜಾರ್ಜಿಯಾದಲ್ಲಿ. ಅವರ ಖಾಸಗಿ ಪತ್ರಗಳಲ್ಲಿ ಕರಿಯರ ಬಗ್ಗೆ ಕೀಳು ಪದಗಳಿವೆ, ಕೆಟ್ಟ ಜೋಕುಗಳಿವೆ. 1959ರಲ್ಲಿ, ಲೇಖಕ ಜೇಮ್ಸ್ ಬಾಲ್ಡ್‌ವಿನ್ ಅವರನ್ನು ಜಾರ್ಜಿಯಾದಲ್ಲಿ ಭೇಟಿಯಾಗು ಅಂದಾಗ ಆಗಲ್ಲ ಅಂದರು, ನ್ಯೂಯಾರ್ಕ್‌ನಲ್ಲಾದರೆ ಸರಿಯಂತೆ. 2020ರಲ್ಲಿ ಈ ಚರ್ಚೆ ಜೋರಾಗಿ, ಮೇರಿಲ್ಯಾಂಡ್‌ನ ಲೊಯೋಲಾ ವಿಶ್ವವಿದ್ಯಾಲಯ ಒಂದು ಹಾಸ್ಟೆಲ್‌ನಿಂದ ಅವರ ಹೆಸರು ತೆಗೆಯಿತು. ಆ ಕಾಲವೇ ಹಾಗಿತ್ತು ಅನ್ನೋ ಸಮಾಧಾನ ನನಗೆ ಒಪ್ಪಿಗೆಯಿಲ್ಲ, ಅದೇ ಕಾಲದಲ್ಲಿ ಅದರ ವಿರುದ್ಧ ನಿಂತವರೂ ಇದ್ದರು. ದಿನಾ ಇಗರ್ಜಿಗೆ ಹೋಗುವ ಅಭ್ಯಾಸ ಇದನ್ನು ತೊಳೆಯಲಿಲ್ಲ.

ಆದರೆ ಇದೇ ಹೆಂಗಸು ‘ರೆವಲೇಶನ್’ ಬರೆದರು. ಅದರಲ್ಲಿ ಮಿಸೆಸ್ ಟರ್ಪಿನ್ ಅಂತ ಒಬ್ಬ ದೈವಭಕ್ತೆ, ಒಳ್ಳೆಯವಳು ಅಂತ ತನ್ನ ಬಗ್ಗೆ ತಾನೇ ತೀರ್ಮಾನಿಸಿದವಳು. ರಾತ್ರಿ ನಿದ್ದೆ ಬರದಿದ್ದರೆ ಅವಳು ಜನರನ್ನು ಮೇಲೆ ಕೆಳಗೆ ಅಂತ ಜೋಡಿಸುತ್ತಾಳೆ. ಕೆಳಗೆ ಕರಿಯರು, ಅವರ ಪಕ್ಕದಲ್ಲಿ ಬಡ ಬಿಳಿಯರು, ಮೇಲೆ ಮನೆ ಇರುವವರು, ಅದರ ಮೇಲೆ ಮನೆ ಜಮೀನು ಎರಡೂ ಇರುವ ತಾನು. ಜಾತಿಯ ಏಣಿ ನೋಡಿರುವ ನಮಗೆ ಈ ಆಟ ವಿವರಿಸಬೇಕಾ? ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತಾ ಇದನ್ನೇ ಮಾಡುತ್ತಿರುವಾಗ, ಎದುರಿಗೆ ಕೂತ ಕಾಲೇಜು ಹುಡುಗಿ ಓದುತ್ತಿದ್ದ ದಪ್ಪ ಪುಸ್ತಕವನ್ನು ಅವಳ ಮುಖಕ್ಕೇ ಎಸೆಯುತ್ತಾಳೆ. ಸಂಜೆ ಹಂದಿದೊಡ್ಡಿಯ ಹತ್ತಿರ ನಿಂತ ಅವಳಿಗೆ ಆಕಾಶದಲ್ಲಿ ಒಂದು ಮೆರವಣಿಗೆ ಕಾಣುತ್ತೆ. ಸ್ವರ್ಗಕ್ಕೆ ಹೋಗುವ ಸಾಲು. ತಾನು ಕೆಳಗಿಟ್ಟವರೆಲ್ಲ ಮುಂದೆ, ತನ್ನಂಥವರು ಕಟ್ಟಕಡೆಗೆ.

ಪತ್ರ ಬರೆಯುವಾಗ ಕಾಣದ್ದು ಬೆಳಗ್ಗೆ 9ರಿಂದ 12ರ ಒಳಗೆ ಕಂಡಿತು ಅನ್ನಬಹುದಾ? ಸ್ವಲ್ಪ ಮಟ್ಟಿಗೆ ಹೌದು. ಅದರಿಂದ ಪತ್ರಗಳು ಮಾಫಿಯಾಗಲ್ಲ.

‘ರೆವಲೇಶನ್’ ಪ್ರಕಟವಾದದ್ದು 1964ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಒಂದು ಶಸ್ತ್ರಚಿಕಿತ್ಸೆ ಆಯ್ತು, ಅಡಗಿದ್ದ ಲ್ಯೂಪಸ್ ಅದರಿಂದ ಮತ್ತೆ ಎದ್ದಿತು. ಆಸ್ಪತ್ರೆಯಲ್ಲಿ ಕೆಲಸ ಮಾಡಬೇಡ ಅಂದಾರು ಅಂತ ನೋಟ್‌ಬುಕ್ಕನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡು ಬರೆದರು. ಮನೆಗೆ ಬಂದ ಮೇಲೆ ಮೂರು ಗಂಟೆ ಹೋಗಿ ಒಂದು ಗಂಟೆ ಕೂತರೆ ಹೆಚ್ಚು. ಹಾಗೆ ಮುಗಿಸಿದ್ದು ‘ಪಾರ್ಕರ್ಸ್ ಬ್ಯಾಕ್’. ಮೈಯೆಲ್ಲ ಹಚ್ಚೆ ಹಾಕಿಸಿಕೊಂಡ ಒಬ್ಬ, ಭಕ್ತೆ ಹೆಂಡತಿ ಮೆಚ್ಚಲಿ ಅಂತ ಬೆನ್ನ ಮೇಲೆ ಕ್ರಿಸ್ತನ ಮುಖವನ್ನೇ ಹಚ್ಚೆ ಹಾಕಿಸಿಕೊಂಡು ಬರುತ್ತಾನೆ. ಅವಳು ಇದು ವಿಗ್ರಹಾರಾಧನೆ ಅಂತ ಪೊರಕೆ ತಗೊಂಡು ಬಾರಿಸುತ್ತಾಳೆ. ಸಾಯುವ ಹೊತ್ತಲ್ಲಿ ಬರೆದ ಕಥೆ ಇದು, ಓದಿದರೆ ನಗು ತಡೆಯೋಕಾಗಲ್ಲ. ಆಗಸ್ಟ್ 3ರಂದು ಓಕಾನರ್ ತೀರಿಕೊಂಡರು. ಕಥೆ ಮರುವರ್ಷ ‘ಎವೆರಿಥಿಂಗ್ ದಟ್ ರೈಸಸ್ ಮಸ್ಟ್ ಕನ್ವರ್ಜ್’ ಸಂಕಲನದಲ್ಲಿ ಬಂತು.

ಓದಬೇಕು ಅನ್ನಿಸಿದರೆ ಕಾದಂಬರಿಯಿಂದ ಶುರು ಮಾಡಬೇಡಿ. ಮೊದಲು ‘ರೆವಲೇಶನ್’, ಆಮೇಲೆ ‘ಗುಡ್ ಕಂಟ್ರಿ ಪೀಪಲ್’. ಮೆಟ್ರೋದಲ್ಲಿ ಓದುವವರಾದರೆ ಒಂದು ಎಚ್ಚರಿಕೆ, ಸ್ಟಾಪ್ ದಾಟಿಹೋಗುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.