ಹೋರ್ಡಿಂಗಿನಲ್ಲಿ ಇಲ್ಲದ ಜನ

ಮೊದಲೇ ಹೇಳಿಬಿಡ್ತೀನಿ, ನಾನು ಚಿತ್ರಕಾರನೂ ಅಲ್ಲ, ಕಲಾ ವಿಮರ್ಶಕನೂ ಅಲ್ಲ. ಠಾಣೆಯಲ್ಲಿರುವ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ಹಾಗಾಗಿ ಕಲಾವಿದರು ನಗರವನ್ನು ಹೇಗೆ ತೋರಿಸ್ತಾರೆ ಅನ್ನೋ ಮಾತನ್ನು ಗ್ಯಾಲರಿಯಿಂದ ಅಲ್ಲ, ಘೋಡಬಂದರ್ ರಸ್ತೆಯ ಹೋರ್ಡಿಂಗಿನಿಂದ ಶುರು ಮಾಡ್ತೀನಿ.

ನಲವತ್ತು ಮಹಡಿಯ ಟವರ್, ತೊಳೆದಿಟ್ಟಂಥ ಆಕಾಶ, ಈಜುಕೊಳ, ಸೈಕಲ್ ಹೊಡೆಯುವ ಒಂದು ಮಗು. ಮೂಲೆಯಲ್ಲಿ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ ‘ಇದು ಕಲಾವಿದನ ಕಲ್ಪನೆ’ ಅಂತ ಇರತ್ತೆ. ಇಂಥ ಚಿತ್ರಗಳು ಕಂಪ್ಯೂಟರಿನಲ್ಲಿ ತಯಾರಾಗೋದು. ಅದರಲ್ಲಿರೋ ಜನ ಕೂಡ ರೆಡಿಮೇಡ್, ಸಾಫ್ಟ್‌ವೇರಿನ ಲೈಬ್ರರಿಯಿಂದ ಎತ್ತಿ ಅಂಟಿಸಿದವರು. ಜಾಗಿಂಗ್ ಮಾಡೋರು ಇರ್ತಾರೆ, ನಾಯಿ ಹಿಡಿದೋರು ಇರ್ತಾರೆ. ವಾಚ್‌ಮನ್, ಬೆಳಿಗ್ಗೆ ಏಳಕ್ಕೆ ಬರುವ ಮನೆಕೆಲಸದ ಬಾಯಿ, ಗಾರೆ ಕೆಲಸದವರು, ಇವರನ್ನ ನಾನಂತೂ ಒಂದು ಹೋರ್ಡಿಂಗಿನಲ್ಲೂ ಕಂಡಿಲ್ಲ. ನಾವು ಮೂವತ್ತು ವರ್ಷದ ಸಾಲಕ್ಕೆ ಸಹಿ ಹಾಕೋದು ಈ ಚಿತ್ರವನ್ನು ನೋಡಿ.

ಜಾಹೀರಾತು ಅಂದ್ಮೇಲೆ ಹಾಗೇ ಇರತ್ತೆ ಅಂತೀರಾ? ಇಟಲಿಯ ಸಿಯೆನಾದಲ್ಲಿ ಪುರಭವನದ ಗೋಡೆ ಮೇಲೆ ಅಂಬ್ರೋಜಿಯೊ ಲೊರೆಂಜೆಟ್ಟಿ 1338-39ರಲ್ಲಿ ಬರೆದ ಒಂದು ನಗರ ಇದೆ. ಒಳ್ಳೆಯ ಆಡಳಿತ ಇದ್ದರೆ ಊರು ಹೇಗಿರತ್ತೆ ಅಂತ ತೋರಿಸೋಕೆ ಆಗಿನ ಸರ್ಕಾರವೇ ಹೇಳಿ ಬರೆಸಿದ್ದು. ಅದೂ ಜಾಹೀರಾತೇ ತಾನೇ. ಆದರೆ ಅದರಲ್ಲಿ ಕಟ್ಟಡದ ತುದಿಯಲ್ಲಿ ಗಾರೆಯವರು ನಿಂತು ಕೆಲಸ ಮಾಡ್ತಿದ್ದಾರೆ! ಊರು ಚೆನ್ನಾಗಿದೆ ಅನ್ನೋದಕ್ಕೆ ಅವರೇ ಸಾಕ್ಷಿ.

ಈಗ ನಮ್ಮ ಠಾಣೆಗೆ ಬರೋಣ. ಸುಧೀರ್ ಪಟವರ್ಧನ್. 1949ರಲ್ಲಿ ಪುಣೆಯಲ್ಲಿ ಹುಟ್ಟಿದವರು, ಓದಿದ್ದು ಡಾಕ್ಟರಿಕೆ. 1975ರಿಂದ 2005ರವರೆಗೆ ಠಾಣೆಯಲ್ಲಿ ರೇಡಿಯಾಲಜಿಸ್ಟ್ ಆಗಿದ್ದರು. ಮೂವತ್ತು ವರ್ಷ ಎಕ್ಸ್‌ರೇ ನೋಡಿಕೊಂಡೇ ಚಿತ್ರ ಬರೆದರು. ಕಲಾಶಾಲೆಗೆ ಹೋದವರಲ್ಲ. 1977ರ ‘ಇರಾನಿ ರೆಸ್ಟೋರೆಂಟ್’, 1980ರ ‘ಟ್ರೇನ್’ ನೋಡಿದ್ರೆ ಆ ವೃತ್ತಿಯ ಕಣ್ಣು ಗೊತ್ತಾಗತ್ತೆ ಅಂತ ನನಗನ್ನಿಸತ್ತೆ. ಅವರ ಮನುಷ್ಯರಿಗೆ ತೂಕ ಇದೆ. ಭುಜ, ಕುತ್ತಿಗೆ, ಮೊಣಕೈ ಎಲ್ಲಾ ದಿನವಿಡೀ ದುಡಿದ ದೇಹದ್ದು. ಬಡವ ಅಂತ ಅಯ್ಯೋ ಅನ್ನಿಸೋ ಹಾಗೂ ಬರೆಯಲ್ಲ, ಪೋಸ್ಟರಿನ ಹಾಗೆ ಮುಷ್ಟಿ ಎತ್ತಿಸೋದೂ ಇಲ್ಲ. ಎಡಪಂಥದ ಒಲವಿದ್ದ ಆ ವಯಸ್ಸಿನಲ್ಲಿ ಎರಡನೆಯದು ಸುಲಭ ಇತ್ತು.

ದುಡಿಯುವವರನ್ನ ಬರೆಯೋಕೆ ಒಬ್ಬ ಮಧ್ಯಮ ವರ್ಗದ ಡಾಕ್ಟರಿಗೆ ಏನು ಹಕ್ಕು? ಈ ಪ್ರಶ್ನೆ ಅವರನ್ನು ಬಿಟ್ಟಿಲ್ಲ. ರಂಜಿತ್ ಹೊಸ್ಕೋಟೆ ಅವರ ಬಗ್ಗೆ 2004ರಲ್ಲಿ ಬರೆದ ಪುಸ್ತಕದ ಹೆಸರನ್ನ ಕನ್ನಡದಲ್ಲಿ ‘ಶಾಮೀಲಾದ ನೋಡುಗ’ ಅನ್ನಬಹುದು. ಆ ಮಾತು ನನಗೆ ನೇರವಾಗಿ ತಾಗತ್ತೆ. ನಾವೂ ನೋಡುಗರೇ, ಶಾಮೀಲಾದವರೇ.

ಲೋವರ್ ಪರೇಲ್ ತಗೊಳ್ಳಿ. 1982ರ ಜನವರಿ 18ಕ್ಕೆ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯ್ತು, ದತ್ತಾ ಸಾಮಂತ್ ನಾಯಕತ್ವ, ಸುಮಾರು 2.5 ಲಕ್ಷ ಕಾರ್ಮಿಕರು. ಮುಂದೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಫೀನಿಕ್ಸ್ ಮಿಲ್ ಮಾಲ್ ಆಯ್ತು, ಕಮಲಾ ಮಿಲ್ಸ್ ಅಂಗಳದಲ್ಲಿ ಆಫೀಸು, ಹೋಟೆಲು ಬಂದವು. ಇಲ್ಲಿ ಕೂತವರಲ್ಲೇ ಎಷ್ಟು ಜನ ಅಲ್ಲಿಗೆ ಕೆಲಸಕ್ಕೆ ಹೋಗ್ತೀರೋ! ಪಟವರ್ಧನ್ ಅವರ ‘ಲೋವರ್ ಪರೇಲ್’ 2001ರದ್ದು. ಹಳೇ ಚಿಮಣಿ, ಹೊಸ ಟವರ್ ಒಂದೇ ಕ್ಯಾನ್ವಾಸಿನಲ್ಲಿ. ಹಳೇದು ಅಳಿಸಿ ಹೊಸದು ತೋರಿಸೋದು ಹೋರ್ಡಿಂಗಿನ ರೀತಿ. ಇಲ್ಲಿ ಎರಡೂ ಒಂದರ ಪಕ್ಕ ಒಂದು ನಿಂತಿವೆ.

ಒಂದು ತಕರಾರೂ ಇದೆ ನನ್ನದು. ಅವರ ದೊಡ್ಡ ನಗರದೃಶ್ಯಗಳಲ್ಲಿ ಕೆಲವೊಮ್ಮೆ ಮನುಷ್ಯ ಚಿಕ್ಕವನಾಗಿಬಿಡ್ತಾನೆ. ನಮ್ಮ ವೃತ್ತಿಯಲ್ಲಿ ನಗರವನ್ನ ಮೇಲಿಂದಲೇ ನೋಡೋದು, ಟ್ರಾಫಿಕ್ ಅಂದ್ರೆ ಮ್ಯಾಪಿನ ಮೇಲೆ ಕೆಂಪು ಗೆರೆ, ಆಟೋ ಅಂದ್ರೆ ಒಂದು ಚುಕ್ಕಿ. ಅದು ಸಾಕಾಗಿಹೋಗಿದೆ. ಹಾಗಾಗಿ ನನಗೆ ಹತ್ತಿರದಿಂದ ಬರೆದ ಹಳೇ ಚಿತ್ರಗಳೇ ಇಷ್ಟ.

ಕನ್ನಡದಲ್ಲಿ ಮುಂಬೈಯನ್ನ ಅಷ್ಟು ಹತ್ತಿರದಿಂದ ನೋಡಿದವರು ಜಯಂತ ಕಾಯ್ಕಿಣಿ. ಅವರ ‘ಒಪೆರಾ ಹೌಸ್’ ಕತೆ ಇರೋದು ಸಿನಿಮಾ ಥಿಯೇಟರಿನಲ್ಲಿ ಕಸ ಗುಡಿಸುವ ಇಂದ್ರನೀಲನ ಸುತ್ತ. ಆಟ ಮುಗಿದು ಜನ ಹೋದಮೇಲೆ ಅವನಿಗೆ ಯಾರೋ ಮರೆತು ಹೋದ ಒಂದು ಥರ್ಮಾಸ್ ಫ್ಲಾಸ್ಕ್ ಸಿಗತ್ತೆ. ಅಷ್ಟೇ. ಊರನ್ನು ಗುಡಿಸುವವನ ಕೈಯಲ್ಲಿ ಊರಿನ ಒಂದು ತುಣುಕು. ಓದಿಲ್ಲದಿದ್ರೆ ಓದಿ.

ಸರಿ, ನನ್ನ ಮಾತು ಸಾಕು. ‘ಟ್ರೇನ್’ ಚಿತ್ರವನ್ನ ಸ್ಕ್ರೀನ್ ಮೇಲೆ ಹಾಕ್ತೀನಿ. ಎರಡು ನಿಮಿಷ ಯಾರೂ ಮಾತಾಡೋದು ಬೇಡ, ಫೋನ್ ಒಳಗಿಡಿ. ಒಂದೊಂದೇ ಮುಖ ನೋಡ್ತಾ ಹೋಗಿ. ಹಿಂದಿನ ಸಾಲಿನವರು ಮುಂದೆ ಬನ್ನಿ, ದೂರದಿಂದ ಕಾಣಲ್ಲ.